ಕೃತ್ಯಕ್ಕಿಲ್ಲದ ವಿಚಾರಣೆ, ಕಥೆಗೆ ಕಟಕಟೆ: ದೇಶವಿಭಜನೆಯ ನೆನಪು ಮತ್ತು ನ್ಯಾಯಾಲಯ

1988ರ ಜನವರಿ 21ರಂದು ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠವು ದೂರದರ್ಶನದಲ್ಲಿ ಪ್ರಸಾರವಾಗುತ್ತಿದ್ದ 'ತಮಸ್' ಚಿತ್ರಕ್ಕೆ ತಡೆಯಾಜ್ಞೆ ನೀಡಿತು. ಭೀಷ್ಮ ಸಾಹನಿಯವರ ಹಿಂದಿ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ್ದ ಈ ಚಿತ್ರ ಕೋಮುದ್ವೇಷಕ್ಕೆ ಇಂಬು ಕೊಡುತ್ತದೆ ಎಂಬುದು ಅರ್ಜಿದಾರರ ವಾದವಾಗಿತ್ತು. ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಅವರ ವಿಭಾಗೀಯ ಪೀಠ ಇಡೀ ಚಿತ್ರವನ್ನು ನೋಡಿ ಎರಡೇ ದಿನಗಳಲ್ಲಿ ತಡೆಯಾಜ್ಞೆಯನ್ನು ತೆರವುಗೊಳಿಸಿತು. ಪ್ರತ್ಯೇಕ ಅರ್ಜಿಯೊಂದರ ಮೂಲಕ ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು. ಫೆಬ್ರವರಿ 16ರಂದು ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿ ಬರೆದ ತೀರ್ಪು ಚಿತ್ರದ ಪರವಾಗಿಯೇ ಬಂತು. ಅಭಿವ್ಯಕ್ತಿ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಇದನ್ನು ಗೆಲುವೆಂದು ದಾಖಲಿಸುವುದು ವಾಡಿಕೆ. ಅದು ಗೆಲುವೇ ಹೌದು.

ಆದರೆ ಆ ಗೆಲುವಿನ ಹಿಂದೆ ಇನ್ನೊಂದು ಪ್ರಶ್ನೆ ಉಳಿದಿದೆ. 1947ರ ಹಿಂಸೆ ನಡೆದು ನಾಲ್ಕು ದಶಕಗಳಾದ ಮೇಲೆ ದೇಶದ ಉನ್ನತ ನ್ಯಾಯಾಲಯದ ಮುಂದೆ ನಿಂತದ್ದು ಆ ಹಿಂಸೆಯನ್ನು ನಡೆಸಿದವರಲ್ಲ, ಅದನ್ನು ನೆನಪಿಸಿದ ಒಂದು ಚಲನಚಿತ್ರ. ಗಡಿಯಾಚೆ ಲಾಹೋರಿನಲ್ಲಿ ಅದಕ್ಕೂ ಮೊದಲು ಕಟಕಟೆ ಹತ್ತಿದ್ದು ಒಂದು ಸಣ್ಣಕಥೆ. ಕೃತ್ಯಗಳಿಗೆ ಆಗದ ವಿಚಾರಣೆ ಅವುಗಳ ನಿರೂಪಣೆಗಳಿಗೆ ಆಯಿತು. ಈ ಸ್ಥಾನಪಲ್ಲಟವು ವಿಭಜನೆಯ ನೆನಪಿಗೆ ಯಾವ ರೂಪ ಕೊಟ್ಟಿತು ಎಂಬುದು ಕಾನೂನಿನ ಅಧ್ಯಯನಕ್ಕೆ ಎಷ್ಟು ಮುಖ್ಯವೋ ಸಾಹಿತ್ಯ ವಿಮರ್ಶೆಗೂ ಅಷ್ಟೇ ಮುಖ್ಯ.

ಇಲ್ಲದ ನ್ಯಾಯಮಂಡಳಿ

ಇಪ್ಪತ್ತನೆಯ ಶತಮಾನದ ಸಾಮೂಹಿಕ ಹಿಂಸೆಗಳ ಬಗ್ಗೆ ಬರೆಯುವವರೆಲ್ಲ ಹೆಚ್ಚುಕಡಿಮೆ ಒಂದು ವಿಚಾರಣೆಯಿಂದಲೇ ಹೊರಡುತ್ತಾರೆ. 1961ರಲ್ಲಿ ಜೆರುಸಲೇಮಿನಲ್ಲಿ ನಡೆದ ಐಖ್‌ಮನ್ ವಿಚಾರಣೆಯಲ್ಲಿ ನೂರಕ್ಕೂ ಹೆಚ್ಚು ಸಾಕ್ಷಿಗಳು ಮಾತನಾಡಿದರು. ಆರೋಪಿಯ ಅಪರಾಧವನ್ನಷ್ಟೇ ತೂಗಬೇಕಾದ ನ್ಯಾಯಾಲಯವನ್ನು ರಾಷ್ಟ್ರವೊಂದು ತನ್ನ ಚರಿತ್ರೆಯ ಪಾಠಶಾಲೆಯಾಗಿ ಬಳಸಿಕೊಂಡಿತೆಂದು ಹನ್ನಾ ಅರೆಂಟ್ ಆಕ್ಷೇಪಿಸಿದರು. ಸಾಕ್ಷ್ಯ ನುಡಿಯುತ್ತಲೇ ಕಟಕಟೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಲೇಖಕ ಕಾ-ತ್ಸೆಟ್ನಿಕ್‌ನ ಪ್ರಸಂಗವನ್ನು ಎತ್ತಿಕೊಂಡ ಶೋಶಾನಾ ಫೆಲ್‌ಮನ್, ಕಾನೂನಿನ ಭಾಷೆ ಸೋಲುವ ಜಾಗವೂ ನ್ಯಾಯಾಲಯದ ಸಾಕ್ಷ್ಯವೇ ಆಗುತ್ತದೆಂದು ವಾದಿಸಿದರು. ಇವರಿಬ್ಬರ ಭಿನ್ನಮತಕ್ಕೆ ಒಂದು ಸಮಾನ ನೆಲೆಯಿದೆ: ವಿಚಾರಣೆ ನಡೆದಿತ್ತು.

ದೇಶವಿಭಜನೆಯ ಮಟ್ಟಿಗೆ ಆ ನೆಲೆಯೇ ಇಲ್ಲ. ಒಂದು ಕೋಟಿಗೂ ಮೀರಿದ ಜನ ನೆಲೆ ತಪ್ಪಿದರು. ಸತ್ತವರ ಅಂದಾಜು ಎರಡು ಲಕ್ಷದಿಂದ ಹತ್ತು ಲಕ್ಷಕ್ಕೂ ಮೇಲಿನವರೆಗೆ ಹರಡಿಕೊಂಡಿದೆ. ಆದರೂ ಆ ಕೊಲೆಗಳನ್ನು ಒಟ್ಟಾಗಿ ವಿಚಾರಿಸುವ ವಿಶೇಷ ನ್ಯಾಯಮಂಡಳಿ ಎರಡು ದೇಶಗಳಲ್ಲಿಯೂ ರಚನೆಯಾಗಲಿಲ್ಲ. ಕೊಂದವರು ಮತ್ತು ಸತ್ತವರು ಎರಡೂ ಕಡೆಗಳಲ್ಲಿದ್ದರು. ಹೊಸದಾಗಿ ಹುಟ್ಟಿದ ಎರಡು ಪ್ರಭುತ್ವಗಳಿಗೂ ತಮ್ಮ ಪ್ರಜೆಗಳನ್ನೇ ಆ ಪ್ರಮಾಣದಲ್ಲಿ ಕಟಕಟೆಗೆ ತರುವ ಇಚ್ಛೆಯಾಗಲಿ ಶಕ್ತಿಯಾಗಲಿ ಇರಲಿಲ್ಲ.

ಆ ಖಾಲಿ ಜಾಗವನ್ನು ಮೊದಲು ತುಂಬಿದ ಬರಹಗಳಲ್ಲಿ ನ್ಯಾಯಾಧೀಶರೊಬ್ಬರ ಪುಸ್ತಕವೂ ಇದೆ. ಮುಂದೆ ಪಂಜಾಬ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಜಿ. ಡಿ. ಖೋಸ್ಲಾ ಅವರ 'ಸ್ಟರ್ನ್ ರೆಕನಿಂಗ್' 1949ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರದ ಸತ್ಯಶೋಧನಾ ಘಟಕವು ನಿರಾಶ್ರಿತರಿಂದ ಪಡೆದ ಹೇಳಿಕೆಗಳೇ ಅದರ ಮುಖ್ಯ ಆಕರ. ಜಿಲ್ಲೆ, ಊರು, ದಿನಾಂಕಗಳ ಪ್ರಕಾರ ಹೊಂದಿಸಿದ ಅದರ ಬರವಣಿಗೆ ತೀರ್ಪಿನ ಶೈಲಿಯನ್ನೇ ಹೋಲುತ್ತದೆ. ಆದರೆ ಹೇಳಿಕೆ ಕೊಟ್ಟವರು ಬಹುಮಟ್ಟಿಗೆ ಪಾಕಿಸ್ತಾನದಿಂದ ಬಂದ ಹಿಂದೂಗಳು ಮತ್ತು ಸಿಖ್ಖರು. ಆ ಕಡೆಗೆ ಹೋದವರ ಮಾತನ್ನು ಕೇಳುವ ಅವಕಾಶ ಆ ಆಕರದಲ್ಲಿ ಇರಲಿಲ್ಲ. ಪಾಟೀಸವಾಲು ಎದುರಿಸದ ಸಾಕ್ಷ್ಯ ಮತ್ತು ಎದುರುಪಕ್ಷವಿಲ್ಲದ ವಿಚಾರಣೆ ಸೇರಿ ನ್ಯಾಯಾಲಯದ ಧ್ವನಿಯನ್ನು ಮಾತ್ರ ಪಡೆದುಕೊಂಡವು. ವಿಭಜನೆಯ ಅಧಿಕೃತ ನೆನಪು ಎಂಬುದು ಬಹುಕಾಲ ಈ ಮಾದರಿಯಲ್ಲಿಯೇ ಬೆಳೆಯಿತು.

ಕಾನೂನು ಕೇಳದ ಮಾತು

ಹಿಂಸೆಯನ್ನು ವಿಚಾರಿಸದ ಪ್ರಭುತ್ವ ಹಿಂಸೆಗೆ ಒಳಗಾದ ಹೆಂಗಸರ ಬಗ್ಗೆ ಮಾತ್ರ ವಿವರವಾದ ಕಾನೂನು ಮಾಡಿತು. 1947ರ ಡಿಸೆಂಬರ್‌ನಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದದ ಮುಂದುವರಿಕೆಯಾಗಿ ಭಾರತದಲ್ಲಿ 1949ರ ಅಪಹೃತ ವ್ಯಕ್ತಿಗಳ (ಪತ್ತೆ ಮತ್ತು ಮರಳಿಕೆ) ಕಾಯ್ದೆ ಜಾರಿಗೆ ಬಂತು. 1947ರ ಮಾರ್ಚ್ 1ರ ನಂತರ, 1949ರ ಜನವರಿ 1ಕ್ಕೆ ಮುನ್ನ ಕುಟುಂಬದಿಂದ ಬೇರ್ಪಟ್ಟು ಬೇರೆಯವರ ಮನೆಯಲ್ಲಿರುವ ಮುಸ್ಲಿಂ ಹೆಂಗಸು, ಆಕೆಯ ವಯಸ್ಸು ಎಷ್ಟೇ ಇರಲಿ, 'ಅಪಹೃತ ವ್ಯಕ್ತಿ'. ಗಂಡಾದರೆ ಹದಿನಾರರ ಒಳಗಿನ ಬಾಲಕ ಮಾತ್ರ ಆ ವ್ಯಾಖ್ಯೆಗೆ ಸೇರುತ್ತಾನೆ. ಅಂದರೆ ವಯಸ್ಕ ಹೆಂಗಸನ್ನು ಕಾಯ್ದೆ ಮಗುವಿನ ಸಾಲಿನಲ್ಲಿ ನಿಲ್ಲಿಸಿತು. ಆಕೆ ಅಲ್ಲಿ ಇರಬಯಸುತ್ತಾಳೋ ಮರಳಬಯಸುತ್ತಾಳೋ ಎಂಬ ಪ್ರಶ್ನೆಗೆ ವ್ಯಾಖ್ಯೆಯಲ್ಲಿ ಜಾಗವಿರಲಿಲ್ಲ. ಅಜೈಬ್ ಸಿಂಗ್ ಪ್ರಕರಣದಲ್ಲಿ 1952ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯ ಸಾಂವಿಧಾನಿಕತೆಯನ್ನು ಎತ್ತಿಹಿಡಿಯಿತು. ವಾರಂಟ್ ಇಲ್ಲದೆ ಮನೆಹೊಕ್ಕು ಹೆಂಗಸನ್ನು ಶಿಬಿರಕ್ಕೆ ಒಯ್ಯುವುದು ಸಂವಿಧಾನದ 22ನೆಯ ವಿಧಿ ಹೇಳುವ ಅರ್ಥದಲ್ಲಿ 'ಬಂಧನ'ವಲ್ಲ ಎಂಬುದು ಅದರ ನಿಲುವು. ಎರಡೂ ದೇಶಗಳಲ್ಲಿ ಸೇರಿ ಸುಮಾರು 30,000 ಹೆಂಗಸರನ್ನು 'ಮರಳಿಸಲಾಯಿತು'.

ಕಾಯ್ದೆಯನ್ನು ಕೇವಲ ಕ್ರೌರ್ಯವೆಂದು ಓದುವುದು ಅವಸರದ ಮಾತಾಗುತ್ತದೆ. ಬಲವಂತದಿಂದ ಹಿಡಿದಿಟ್ಟ ಮನೆಗಳಿಂದ ಬಿಡುಗಡೆಗಾಗಿ ಕಾದು ಕುಳಿತಿದ್ದ ಹೆಂಗಸರೂ ಇದ್ದರು. ಆದರೆ ಊರ್ವಶಿ ಬುಟಾಲಿಯಾ, ಋತು ಮೆನನ್ ಮತ್ತು ಕಮಲಾ ಭಾಸಿನ್ ಅವರ ಸಂಶೋಧನೆಗಳು 1998ರಲ್ಲಿ ತೋರಿಸಿಕೊಟ್ಟಂತೆ, ಮರಳಲು ಒಲ್ಲೆನೆಂದವರ ಮಾತೂ ಮರಳಿ ಬಂದು ಬಾಗಿಲು ಮುಚ್ಚಿದ್ದನ್ನು ಕಂಡವರ ಮಾತೂ ಸರ್ಕಾರಿ ಕಡತದ ಹೊರಗೇ ಉಳಿದವು.

ಆ ಮಾತನ್ನು ಮೊದಲು ಕೇಳಿಸಿಕೊಂಡದ್ದು ಕಥೆ. ರಾಜಿಂದರ್ ಸಿಂಗ್ ಬೇದಿಯವರ 'ಲಾಜವಂತಿ'ಯ ಸುಂದರಲಾಲ, ಅಪಹೃತ ಹೆಂಗಸರಿಗೆ ಮನಸ್ಸಿನಲ್ಲಿ ನೆಲೆ ಕೊಡಿ ಎಂದು ಬೀದಿಬೀದಿ ಸುತ್ತುವ ಸಮಿತಿಯ ಮುಂದಾಳು. ಅವನ ಹೆಂಡತಿಯೇ ಮರಳಿ ಬಂದಾಗ ಅವನು ಆಕೆಯನ್ನು 'ದೇವಿ' ಎಂದು ಕರೆಯುತ್ತಾನೆ. ಅವಳು ನಡೆದದ್ದನ್ನು ಹೇಳಹೊರಟಾಗ ಅದು ಬೇಡವೆನ್ನುತ್ತಾನೆ. ಕಾಯ್ದೆಯ ಗುರಿ ಇಲ್ಲಿ ಪೂರ್ತಿ ಈಡೇರಿದೆ: ಹೆಂಗಸು ಮರಳಿದ್ದಾಳೆ, ಗಂಡ ಸ್ವೀಕರಿಸಿದ್ದಾನೆ. ಕಥೆ ಶುರುವಾಗುವುದು ಕಡತ ಮುಗಿದ ಈ ಜಾಗದಿಂದ. ಅಮೃತಾ ಪ್ರೀತಂ ಅವರ 'ಪಿಂಜರ್' ಕಾದಂಬರಿಯ ಪೂರೋ ಅಪಹರಣಕ್ಕೆ ಒಳಗಾಗುವುದು ವಿಭಜನೆಗಿಂತ ವರ್ಷಗಳ ಹಿಂದೆ. ಕಾನೂನು ಗೆರೆ ಎಳೆದ ತಾರೀಖುಗಳ ಒಳಗೆ ಅವಳು ಬರುವುದಿಲ್ಲ. ಕೊನೆಯಲ್ಲಿ ಮರಳುವ ಅವಕಾಶ ಎದುರಿಗಿದ್ದೂ ಅವಳು ಅಲ್ಲೇ ಉಳಿಯುತ್ತಾಳೆ. ವಿಭಜನೆಯ ಬೆಂಕಿ ತಾಗದ ಮಲಯಾಳದಲ್ಲಿ ಕೂತು ಲಲಿತಾಂಬಿಕಾ ಅಂತರ್ಜನಂ ಕೂಡ ನಿರಾಶ್ರಿತರ ಶಿಬಿರಕ್ಕೆ ಬಂದ ಗರ್ಭಿಣಿಯೊಬ್ಬಳ ಕಥೆ ಬರೆದರು. ಇವು ಕಾನೂನಿಗೆ ಪೂರಕವಾದ ದಾಖಲೆಗಳಲ್ಲ. ಕಾನೂನು ಯಾರನ್ನು 'ವ್ಯಕ್ತಿ' ಎಂದು ಗುರುತಿಸಿತೋ ಅವರ ಇಚ್ಛೆಯನ್ನೇ ಕೈಬಿಟ್ಟಿತ್ತು ಎಂಬುದಕ್ಕೆ ಇವು ಎತ್ತಿದ ತಕರಾರುಗಳು.

ಲಾಹೋರಿನ ಕಟಕಟೆ

ಸಾದತ್ ಹಸನ್ ಮಂಟೋ ಅವರ 'ಖೋಲ್ ದೋ' ಪ್ರಕಟಿಸಿದ್ದಕ್ಕೆ 'ನುಕೂಶ್' ಪತ್ರಿಕೆಯನ್ನು ಪಾಕಿಸ್ತಾನದಲ್ಲಿ ಆರು ತಿಂಗಳು ನಿಲ್ಲಿಸಲಾಯಿತು. 1949ರಲ್ಲಿ ಪ್ರಕಟವಾದ 'ಠಂಡಾ ಗೋಶ್ತ್' ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯಕ್ಕೇ ಹೋಯಿತು. ಗಲಭೆಯಲ್ಲಿ ಲೂಟಿ, ಕೊಲೆ ಮಾಡಿ ಬಂದ ಈಶರ್ ಸಿಂಗ್ ತನ್ನ ಪ್ರೇಯಸಿಯ ಎದುರು ನಿರ್ವೀರ್ಯನಾಗಿದ್ದಾನೆ. ತಾನು ಹೊತ್ತೊಯ್ದ ಹುಡುಗಿ ಆಗಲೇ ಹೆಣವಾಗಿದ್ದಳೆಂಬುದನ್ನು ಅವನು ಸಾಯುತ್ತ ಒಪ್ಪಿಕೊಳ್ಳುತ್ತಾನೆ. ಮ್ಯಾಜಿಸ್ಟ್ರೇಟರು ಲೇಖಕನಿಗೆ ಮೂರು ತಿಂಗಳ ಕಠಿಣ ಸಜೆ ಮತ್ತು 300 ರೂಪಾಯಿ ದಂಡ ವಿಧಿಸಿದರು. ಸೆಷನ್ಸ್ ನ್ಯಾಯಾಲಯ 1950ರಲ್ಲಿ ಖುಲಾಸೆ ಮಾಡಿತು. ಸರ್ಕಾರದ ಮೇಲ್ಮನವಿಯ ಮೇಲೆ 1952ರಲ್ಲಿ ಲಾಹೋರ್ ಹೈಕೋರ್ಟ್ ಕಥೆಯನ್ನು ಅಶ್ಲೀಲವೆಂದು ತೀರ್ಮಾನಿಸಿ ದಂಡವನ್ನು ಉಳಿಸಿತು. ಬರೆದವನ ಉದ್ದೇಶಕ್ಕಿಂತ ಬಳಸಿದ ವಿವರ ಮತ್ತು ಮಾತುಗಳೇ ಅಳತೆಗೋಲು ಎಂಬುದು ಆ ತೀರ್ಪಿನ ತಿರುಳು.

ಈ ಪ್ರಕರಣದ ವಿಚಾರಣೆಯ ಹಂತದಲ್ಲಿ ಸಾಕ್ಷಿ ಹೇಳಿದವರಲ್ಲಿ ಹೆಚ್ಚಿನವರು ಬರಹಗಾರರು ಮತ್ತು ಅಧ್ಯಾಪಕರು. ಕಥೆ ಅಶ್ಲೀಲವಲ್ಲ, ಆದರೆ ಸಾಹಿತ್ಯದ ಉನ್ನತ ನಿರೀಕ್ಷೆಗಳನ್ನು ಮುಟ್ಟಿಲ್ಲ ಎಂದು ಫೈಜ್ ಅಹ್ಮದ್ ಫೈಜ್ ನುಡಿದರು. ವಿಮರ್ಶೆಯ ಮಾತು ಸಾಕ್ಷ್ಯವಾಗಿ ದಾಖಲಾಯಿತು. ಆದರೆ ಆ ಕಥೆ ಯಾವುದಕ್ಕೆ ಸಾಕ್ಷಿಯಾಗಿತ್ತೋ ಅದನ್ನು ಯಾರೂ ಕೇಳಲಿಲ್ಲ. ಸತ್ತ ಹುಡುಗಿ ಯಾರು, ಅಂಥವರು ಎಷ್ಟು ಮಂದಿ, ಈಶರ್ ಸಿಂಗನಂಥವರು ಎಲ್ಲಿದ್ದಾರೆ ಎಂಬ ಪ್ರಶ್ನೆಗಳಿಗೆ ಅಶ್ಲೀಲತೆಯ ಕಲಮಿನಲ್ಲಿ ಎಡೆಯಿಲ್ಲ. ಹೈಕೋರ್ಟಿನ ತೀರ್ಪು ನೀಡಿದ ನ್ಯಾಯಮೂರ್ತಿ ಮುಹಮ್ಮದ್ ಮುನೀರ್ 1947ರಲ್ಲಿ ರ‍್ಯಾಡ್‌ಕ್ಲಿಫ್ ಅಧ್ಯಕ್ಷತೆಯ ಪಂಜಾಬ್ ಗಡಿ ಆಯೋಗದ ಸದಸ್ಯರಾಗಿದ್ದವರು. ಗಡಿ ಎಳೆಯುವ ಮೇಜಿನ ಬಳಿ ಕೂತಿದ್ದವರ ಮುಂದೆಯೇ ಗಡಿಯ ಹಿಂಸೆಯ ಕಥೆ ಬಂತು. ಅಲ್ಲಿ ತೂಗಿದ್ದು ಅದರ ಬೈಗುಳವನ್ನು ಮತ್ತು ಶೃಂಗಾರದ ವಿವರವನ್ನು. ಇದನ್ನು ವ್ಯಕ್ತಿಯೊಬ್ಬರ ಮೇಲಿನ ಆಪಾದನೆಯಾಗಿ ಓದಬೇಕಿಲ್ಲ. ತನ್ನ ಮುಂದಿಟ್ಟ ಪ್ರಶ್ನೆಯನ್ನಷ್ಟೇ ನ್ಯಾಯಾಲಯ ಉತ್ತರಿಸಬಲ್ಲದು. ಆ ಪ್ರಶ್ನೆ ಯಾವುದೆಂಬುದನ್ನು ಪ್ರಭುತ್ವ ಮೊದಲೇ ಆರಿಸಿಕೊಂಡಿತ್ತು.

'ತಮಸ್'ಗೆ ತೀರ್ಪು ಬರೆದ ಅಂತ್ಯ

'ತಮಸ್' ಪ್ರಕರಣ ಇದಕ್ಕೆ ತದ್ವಿರುದ್ಧವೆಂದು ತೋರುತ್ತದೆ. ಇಲ್ಲಿ ನ್ಯಾಯಾಲಯ ಕೃತಿಯ ಪರ ನಿಂತಿತು. 1946ರ ನಾಗಪುರದ ತೀರ್ಪೊಂದರಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ರೂಪಿಸಿದ ಅಳತೆಗೋಲನ್ನು ಅದು ಎತ್ತಿಕೊಂಡಿತು. ಮಾತಿನ ಪರಿಣಾಮವನ್ನು ವಿವೇಕಿಯೂ ದೃಢಚಿತ್ತನೂ ಧೈರ್ಯಶಾಲಿಯೂ ಆದ ಮನುಷ್ಯನ ಮಟ್ಟದಿಂದ ಅಳೆಯಬೇಕು, ಎಲ್ಲದರಲ್ಲೂ ಅಪಾಯದ ವಾಸನೆ ಹಿಡಿಯುವ ದುರ್ಬಲ ಮನಸ್ಸಿನಿಂದಲ್ಲ ಎಂಬುದು ಅದರ ಸಾರ. ಈ ಅಳತೆಗೋಲು ಮುಂದೆ ಎಷ್ಟೋ ಕೃತಿಗಳನ್ನು ಕಾಯಿತು. ಆದರೂ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ತೀರ್ಪು ನೆಚ್ಚಿಕೊಂಡ ಆ ವಿವೇಕಿ ಮನುಷ್ಯ 'ತಮಸ್' ಕಾದಂಬರಿಯಲ್ಲಿ ಎಲ್ಲಿಯೂ ಗೆಲ್ಲುವುದಿಲ್ಲ. ಅಲ್ಲಿನ ಸಜ್ಜನರು ಸಮಿತಿ ಮಾಡುತ್ತಾರೆ, ಸಾಹೇಬರಿಗೆ ಮನವಿ ಕೊಡುತ್ತಾರೆ, ವಾದಿಸುತ್ತಾರೆ. ಬೀದಿಗಿಳಿದು ಶಾಂತಿ ಶಾಂತಿ ಎಂದು ಕೂಗುವವನು ಊರವರು ಅರೆಮರುಳನೆಂದು ನಗುವ ಜರ್ನೈಲ್. ಅವನನ್ನು ಹೊಡೆದು ಕೊಲ್ಲುತ್ತಾರೆ.

ಬಾಂಬೆ ಪೀಠ ಚಿತ್ರವನ್ನು ನೋಡಿ ಕಂಡುಕೊಂಡ, ಸುಪ್ರೀಂ ಕೋರ್ಟ್ ಒಪ್ಪಿದ ತಾತ್ಪರ್ಯ ಹೀಗಿದೆ: ಹಿಂಸೆಯ ವ್ಯರ್ಥತೆ ಕೊನೆಗೆ ಜನರಿಗೆ ಮನವರಿಕೆಯಾಗುತ್ತದೆ, ಮನುಷ್ಯಸಹಜವಾದ ಒಳ್ಳೆಯತನ ಗೆಲ್ಲುತ್ತದೆ, ಸಮುದಾಯಗಳು ಸೌಹಾರ್ದದಿಂದ ಬಾಳಲು ಕಲಿಯುತ್ತವೆ. ಕಾದಂಬರಿಯ ಅಂತ್ಯ ಇದಲ್ಲ. ಚರ್ಮ ಸುಲಿಯುವ ಕಸುಬಿನ ನತ್ಥೂನಿಗೆ ಐದು ರೂಪಾಯಿ ಕೊಟ್ಟು ಹಂದಿ ಕೊಲ್ಲಿಸಿದವನು ಮುರಾದ್ ಅಲಿ. ಆ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲೆ ಬಿದ್ದದ್ದರಿಂದಲೇ ಊರು ಹೊತ್ತಿಕೊಂಡಿತು. ಕೊನೆಯಲ್ಲಿ ಶಾಂತಿ ಸಮಿತಿಯ ಬಸ್ಸು ಹೊರಡುವಾಗ ಧ್ವನಿವರ್ಧಕ ಹಿಡಿದು ಐಕ್ಯದ ಘೋಷಣೆ ಕೂಗುವವನೂ ಇದೇ ಮುರಾದ್ ಅಲಿ. ಅವನನ್ನು ಗುರುತಿಸಬಲ್ಲ ಒಬ್ಬನೇ ಸಾಕ್ಷಿ ನತ್ಥೂ ಆ ಹೊತ್ತಿಗೆ ಬದುಕಿಲ್ಲ. ನಿಹಲಾನಿಯವರ ಚಿತ್ರವೂ ಸೌಹಾರ್ದದಲ್ಲಿ ಮುಗಿಯುವುದಿಲ್ಲ. ನಿರಾಶ್ರಿತರ ಶಿಬಿರದಲ್ಲಿ ನತ್ಥೂನ ಮಗು ಹುಟ್ಟಿ ಅಳುವಾಗ ಎರಡೂ ಧರ್ಮಗಳ ಯುದ್ಧಘೋಷಗಳು ಹೊರಗಿನಿಂದ ಕೇಳಿಬರುತ್ತವೆ.

ಹಾಗಾದರೆ ನ್ಯಾಯಮೂರ್ತಿಗಳು ತಪ್ಪು ಓದಿದರೇ? ಪ್ರಶ್ನೆಯನ್ನು ಹೀಗೆ ಇಟ್ಟರೆ ವಿಷಯ ಕೈತಪ್ಪುತ್ತದೆ. ನಗ್ನಸತ್ಯ ಎಲ್ಲ ಕಾಲಕ್ಕೂ ಹಿತವಲ್ಲ, ಕೆಡುಕನ್ನೂ ಅದರ ಫಲವನ್ನೂ ತೋರಿಸುವ ಸತ್ಯ ಮಾತ್ರ ಬೋಧಪ್ರದ ಎಂಬ ನಂಬಿಕೆ ತೀರ್ಪಿನ ಉದ್ದಕ್ಕೂ ಇದೆ. ಚಿತ್ರವನ್ನು ಉಳಿಸಬೇಕಾದರೆ ಅದರಲ್ಲಿ ಪಾಠವೊಂದು ಇರಬೇಕಿತ್ತು. ಆದುದರಿಂದ ತೀರ್ಪು ಪಾಠವನ್ನು ಕಂಡುಕೊಂಡಿತು. ಲಾಹೋರಿನ ತೀರ್ಪು ಕಥೆಯನ್ನು ದಂಡಿಸಿತು, ದೆಹಲಿಯ ತೀರ್ಪು ಚಿತ್ರವನ್ನು ಕಾಯಿತು. ಎರಡೂ ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: ಇದರಿಂದ ಓದುಗನಿಗೆ, ನೋಡುಗನಿಗೆ ಏನಾಗುತ್ತದೆ? 1947ರಲ್ಲಿ ಏನಾಯಿತು, ಯಾರು ಹೊಣೆ ಎಂಬ ಪ್ರಶ್ನೆ ಎರಡೂ ಕಡೆ ಕಲಾಪದ ಹೊರಗುಳಿಯಿತು. ಮುರಾದ್ ಅಲಿಯನ್ನು ಬಸ್ಸಿನ ಮೇಲೆ ತೋರಿಸುವ ಕಾದಂಬರಿ ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ.

ಕಾದಂಬರಿಯಲ್ಲಿ ಇನ್ನೊಂದು ಪ್ರಸಂಗವಿದೆ. ಪರಿಹಾರ ಕಚೇರಿಯ ಗುಮಾಸ್ತನ ಮುಂದೆ ಸಂತ್ರಸ್ತರು ಸಾಲುಗಟ್ಟಿದ್ದಾರೆ. ಪ್ರತಿಯೊಬ್ಬನೂ ತನ್ನ ಕಥೆ ಹೇಳಹೊರಡುತ್ತಾನೆ. ತನಗೆ ಬೇಕಾದದ್ದು ಅಂಕಿ ಮಾತ್ರ ಎಂದು ಗುಮಾಸ್ತ ತಡೆಯುತ್ತಾನೆ. ಎಷ್ಟು ಮಂದಿ ಸತ್ತರು, ಎಷ್ಟು ನಷ್ಟವಾಯಿತು? ಬಾವಿಗೆ ಹಾರಿ ಸತ್ತ ಹೆಂಡತಿಯ ಮೈಮೇಲಿನ ಚಿನ್ನವನ್ನು ತೆಗೆಸಿಕೊಡಿ ಎಂದು ಬೇಡುವವನೂ ಆ ಸಾಲಿನಲ್ಲಿದ್ದಾನೆ. ಅಂಕಿಗೆ ಈ ಬೇಡಿಕೆ ಸಿಕ್ಕುವುದಿಲ್ಲ, ಪಾಠಕ್ಕೂ ಇದು ಒಗ್ಗುವುದಿಲ್ಲ. ಬಾವಿಗೆ ಹಾರಿದ ಹೆಂಗಸರನ್ನು ವೀರಮರಣದ ಸಂಕೇತವಾಗಿ ಮಾಡಲು ಹೊರಟ ನೆನಪಿಗಂತೂ ಇದು ಮುಜುಗರ. ಸಾಹನಿ ಅದನ್ನು ಅಲ್ಲಿ ಉಳಿಸಿಕೊಂಡಿದ್ದಾರೆ.

ಪಾಠವನ್ನು ಆನುವಂಶಿಕವಾಗಿ ಪಡೆದ ರಾಜಕಾರಣ

2021ರಲ್ಲಿ ಭಾರತ ಸರ್ಕಾರ ಆಗಸ್ಟ್ 14ನ್ನು 'ವಿಭಜನೆಯ ಭೀಕರತೆಯ ಸ್ಮೃತಿ ದಿನ'ವೆಂದು ಘೋಷಿಸಿತು. ಸತ್ತವರಿಗೂ ನೆಲೆ ತಪ್ಪಿದವರಿಗೂ ರಾಷ್ಟ್ರದ ಪಂಚಾಂಗದಲ್ಲಿ ಒಂದು ದಿನವೂ ಇರಲಿಲ್ಲವೆಂಬ ಕೊರಗು ಸುಳ್ಳಲ್ಲ. ಸಾಮಾಜಿಕ ಒಡಕಿನ ವಿಷವನ್ನು ನೀಗಬೇಕೆಂಬುದೇ ಘೋಷಣೆಯ ಮಾತು. ಅದೂ ಪಾಠದ ಭಾಷೆಯೇ. ಆದರೆ ಆರಿಸಿಕೊಂಡ ತಾರೀಖು ನೆರೆಯ ದೇಶದ ಸ್ವಾತಂತ್ರ್ಯ ದಿನ. ರಾವಲ್ಪಿಂಡಿಯಲ್ಲಿ 1947ರ ಮಾರ್ಚ್‌ನಲ್ಲಿ ನಡೆದದ್ದಾಗಲಿ, ಅದೇ ವರ್ಷ ಪೂರ್ವ ಪಂಜಾಬಿನಲ್ಲಿ ಮುಸ್ಲಿಮರಿಗೆ ಆದದ್ದಾಗಲಿ ಆ ತಾರೀಖಿನೊಳಗೆ ತಾನಾಗಿ ಬಂದು ಕೂರುವುದಿಲ್ಲ. ಪಾಠ ಎಂಬ ಪಾತ್ರೆಗೆ ತನ್ನದೇ ಆದ ತಿರುಳಿಲ್ಲ; ಅಧಿಕಾರದಲ್ಲಿ ಇರುವವರು ಅದನ್ನು ತುಂಬುತ್ತಾರೆ. 1988ರಲ್ಲಿ ಅದೇ ಪಾತ್ರೆಯಲ್ಲಿ ಸೌಹಾರ್ದವಿತ್ತು.

ಗಡಿನಾಡಿನ ಕನ್ನಡಿಗರಿಗೆ ಇದು ದೂರದ ಪಂಜಾಬಿನ ಸಂಗತಿಯಾಗಿ ಉಳಿಯುವುದಿಲ್ಲ. 1948ರ ಸೆಪ್ಟೆಂಬರ್‌ನ 'ಪೊಲೀಸ್ ಕಾರ್ಯಾಚರಣೆ'ಗೆ ಮೊದಲು ಹೈದರಾಬಾದ್ ಸಂಸ್ಥಾನದ ಹಳ್ಳಿಗಳು ರಜಾಕಾರರ ದೌರ್ಜನ್ಯವನ್ನು ಅನುಭವಿಸಿದವು. ಅವರ ನಾಯಕ ಕಾಸಿಂ ರಜ್ವಿಯ ವಿಚಾರಣೆ ನಡೆದು ಶಿಕ್ಷೆಯಾಯಿತು. 1957ರಲ್ಲಿ ಬಿಡುಗಡೆಯಾದ ಮೇಲೆ ಆತ ಪಾಕಿಸ್ತಾನಕ್ಕೆ ಹೋದ. ಕಾರ್ಯಾಚರಣೆಯ ಸಂದರ್ಭದಲ್ಲಿ ಮತ್ತು ಅನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಅರಿಯಲು ಪಂಡಿತ ಸುಂದರಲಾಲ್ ನೇತೃತ್ವದ ಸಮಿತಿ ಸಂಸ್ಥಾನದಲ್ಲಿ ಸಂಚರಿಸಿತು. ಕನಿಷ್ಠ ಅಂದಾಜಿನಲ್ಲಿಯೇ 27,000ದಿಂದ 40,000 ಜನ ಸತ್ತರೆಂದು ವರದಿ ಹೇಳಿತು. ಹೆಚ್ಚು ನಲುಗಿದ ಜಿಲ್ಲೆಗಳೆಂದು ಅದು ಗುರುತಿಸಿದವು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿ ಪ್ರಕಟವಾಗಲಿಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುಗರಿಗೆ ದೊರೆಯಿತು. ಪಂಜಾಬಿನಲ್ಲಿ ಕಥೆಯಾದರೂ ಕಟಕಟೆ ಏರಿತು. ಇಲ್ಲಿ ಒಂದು ವರ್ಗದ ಅಪರಾಧ ನ್ಯಾಯಾಲಯಕ್ಕೆ ಹೋಯಿತು, ಇನ್ನೊಂದು ಬೀರುವಿಗೆ ಹೋಯಿತು.

ಈಗ ಸೆಪ್ಟೆಂಬರ್ 17 ಬಂದರೆ ಬೀದರಿನಲ್ಲಿ ಅದು 'ಕಲ್ಯಾಣ ಕರ್ನಾಟಕ ಉತ್ಸವ', ಉದಗೀರಿನಲ್ಲಿ 'ಮರಾಠವಾಡಾ ಮುಕ್ತಿಸಂಗ್ರಾಮ ದಿನ'. ತೆಲಂಗಾಣದ ಜಹೀರಾಬಾದಿನವರು 2022ರಲ್ಲಿ ರಾಜ್ಯ ಸರ್ಕಾರದಿಂದ 'ರಾಷ್ಟ್ರೀಯ ಸಮೈಕ್ಯತಾ ದಿನ' ಎಂಬ ಹೆಸರನ್ನೂ ಕೇಂದ್ರದಿಂದ 'ವಿಮೋಚನಾ ದಿನ' ಎಂಬ ಹೆಸರನ್ನೂ ಒಟ್ಟಿಗೆ ಕೇಳಿದರು. 1956ಕ್ಕೆ ಮುನ್ನ ಈ ಮೂರೂ ಊರುಗಳು ಒಂದೇ ಬೀದರ್ ಜಿಲ್ಲೆಯವು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದುಗಳು ಒಂದೇ ಸಂತೆಯಲ್ಲಿ ಬೆರೆಯುವ ಆ ಸೀಮೆಯಲ್ಲಿ ಅಜ್ಜಿಯರ ಬಾಯಲ್ಲಿ ಉಳಿದ ನೆನಪು ಇವುಗಳಲ್ಲಿ ಯಾವ ಹೆಸರಿಗೂ ಪೂರ್ತಿ ಒಗ್ಗಲಾರದು.

ನೆನಪಿನ ಸಾಹಿತ್ಯವನ್ನು ಓದುವಾಗ ನ್ಯಾಯಾಲಯದ ಪ್ರಶ್ನೆಯನ್ನು ಎರವಲು ತರುವ ರೂಢಿ ವಿಮರ್ಶೆಯಲ್ಲಿಯೂ ಬಲವಾಗಿದೆ. ಕೃತಿ ಸೌಹಾರ್ದಕ್ಕೆ ನೆರವಾಗುತ್ತದೆಯೋ ದ್ವೇಷಕ್ಕೋ ಎಂದು ತೂಗಿ, ನೆರವಾಗುತ್ತದೆಂದು ಸಾಧಿಸಿದರೆ ಕೆಲಸ ಮುಗಿಯಿತೆಂಬ ಧೋರಣೆ ಕನ್ನಡಕ್ಕೂ ಹೊಸದಲ್ಲ. ಕೃತಿಯೊಂದು ನಿಷೇಧದ ಭಯದಲ್ಲಿರುವಾಗ ಅಂಥ ವಾದ ಬೇಕಾಗುತ್ತದೆ. 1988ರಲ್ಲಿ ಅದಿಲ್ಲದಿದ್ದರೆ 'ತಮಸ್' ತೆರೆಯ ಮೇಲೆ ಪೂರ್ತಿಯಾಗುತ್ತಿರಲಿಲ್ಲ. ಆದರೆ ವಕಾಲತ್ತು ಮುಗಿದ ಮೇಲೂ ವಿಮರ್ಶೆ ವಕೀಲನ ಕೋಟು ತೊಟ್ಟೇ ಇದ್ದರೆ, ಲಾಜವಂತಿಗೆ ಹೇಳಲಾಗದೆ ಉಳಿದದ್ದು, ಬಾವಿಯೊಳಗಿನ ಚಿನ್ನ, ಬಸ್ಸಿನ ಮೇಲಿನ ಮುರಾದ್ ಅಲಿ ಅದರ ಕಣ್ಣಿಗೆ ಬೀಳುವುದಿಲ್ಲ. ಬೀದರ್, ಉದಗೀರ್, ಜಹೀರಾಬಾದುಗಳ ಮೌಖಿಕ ಕಥನಗಳನ್ನು ನಾಲ್ಕೂ ಭಾಷೆಗಳಲ್ಲಿ ಸಂಗ್ರಹಿಸುವ, ಒಂದರ ಎದುರಿಗೆ ಇನ್ನೊಂದನ್ನು ಇಟ್ಟು ಓದುವ ಕೆಲಸ ಇನ್ನೂ ದೊಡ್ಡದಾಗಿ ನಡೆಯಬೇಕಿದೆ. ಅಂಥ ಓದು ಯಾರಿಗೂ ಖುಲಾಸೆ ಕೊಡಬೇಕಾಗಿಲ್ಲ, ಯಾವ ಪಾಠವನ್ನೂ ಒಪ್ಪಿಸಬೇಕಾಗಿಲ್ಲ. ಗುಮಾಸ್ತ ತಡೆದ ಜಾಗದಿಂದ ಮುಂದಕ್ಕೆ ಆ ಮನುಷ್ಯ ಏನು ಹೇಳುತ್ತಿದ್ದನೋ ಅದನ್ನು ಕೇಳಿಸಿಕೊಳ್ಳುವುದು ಅದರ ಮೊದಲ ಹೊಣೆ.